ಅತ್ತೆಯ ಚೀಲದೊಳಗಿನ ದಿಂಬು

ನಮ್ಮ ಅತ್ತೆಯಷ್ಟು ವಿಧೇಯ ರೋಗಿ ಗೋವಾದ ಈ ಇಡೀ ವಾಸ್ಕೋದಲ್ಲೇ ಇಲ್ಲ, ಬೇಕಾದರೆ ಆಣೆ ಮಾಡುತ್ತೇನೆ! ಹೃದಯದ ಆಪರೇಷನ್ ಆದ ಮೇಲೆ ಡಾಕ್ಟರು, "ದಿನಾ ಸ್ವಲ್ಪ ನಡೆಯಿರಿ" ಎಂದರು, ನಡೆದರು. "ಭಾರ ಎತ್ತಬೇಡಿ" ಎಂದರು, ಎತ್ತಲಿಲ್ಲ. ಆದರೂ ಕಾಲೊನಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡುವವಳು ನಾನು. ಯಾಕೆ ಅಂತ ಕೇಳಿ.

ಅತ್ತೆ ವಿಜಯಪುರದ ಕಡೆಯಿಂದ ಬಂದು, ದಾಬೋಲಿಮ್‌ನ ಕಟ್ಟಡಗಳಿಗೆ ಕಾಂಕ್ರೀಟ್ ಬುಟ್ಟಿ ಹೊತ್ತವರು. ಕೈ ಬೀಸಿಕೊಂಡು ಸುಮ್ಮನೆ ನಡೆಯುವುದು ಅವರ ಲೆಕ್ಕದಲ್ಲಿ ಒಂದು ಬಗೆಯ ಕಳ್ಳತನ!

"ಎಲ್ಲಿಗೂ ಹೋಗೂದಿಲ್ಲ, ಏನೂ ತರೂದಿಲ್ಲ, ಸುಮ್ನ ಅಡ್ಡಾಡೂದೇನ್ವಾ? ನಾಚಿಕಿ ಬರ್ತೈತಿ ನನಗ."

"ಡಾಕ್ಟರ್ ಹೇಳ್ಯಾರ್ರಿ ಅತ್ತಿ."

"ಡಾಕ್ಟರ್ ಹೇಳಿದ್ದು ರಸ್ತಾದಾಗಿನ ಮಂದಿಗೆ ಗೊತ್ತೈತೇನ?"

ಮಾರನೆಯ ದಿನ ಅತ್ತೆ ಹೊರಟಾಗ ಕೈಯಲ್ಲಿ ಸಂತೆಯ ಚೀಲ, ಬಾಯಿತನಕ ತುಂಬಿದ್ದು. ಕಸಿದು ನೋಡಿದರೆ ಒಳಗೆ ನನ್ನ ದಿಂಬು. ಮೇಲೆ ಸಿಂಗಾರಕ್ಕೆ ಒಂದು ಹಿಡಿ ಕೊತ್ತಂಬರಿ!

ನಕ್ಕು ಚೀಲ ವಾಪಸ್ ಕೊಟ್ಟೆ. ಅತ್ತೆಗೆ ಅಷ್ಟೇ ಸಾಕಾಯಿತು. ಭಾರ ಹೊತ್ತವರಂತೆ ಒಂದು ಕಡೆ ವಾಲಿ ನಡೆಯುವುದೇನು, ಗೇಟಿನ ಹತ್ತಿರ ಚೀಲ ಇಳಿಸಿ "ಉಸ್ಸಪ್ಪಾ" ಎನ್ನುವುದೇನು! ಕೊನೆಗೊಂದು ದಿನ ಕೆಳಗಿನ ಮನೆಯ ಕೊಂಕಣಿ ಬಾಯಿ ನನ್ನನ್ನು ಮೆಟ್ಟಿಲಲ್ಲೇ ಹಿಡಿದರು.

"ಕಿತೆಂ ಗೋ ಬಾಯ್, ಏನಮ್ಮಾ ಇದು, ಆಪರೇಷನ್ ಆದ ಮುದುಕಿ ಕೈಲಿ ಬಾಜಾರ ತರಿಸ್ತೀಯ? ದೇವರು ನೋಡೋದಿಲ್ವಾ?"

ದೇವರೇನೋ ನೋಡುತ್ತಿದ್ದ, ಚೀಲದೊಳಗೂ ನೋಡುತ್ತಿದ್ದ. ಆದರೆ ಕೆಳಮನೆಯವರಿಗೆ ಏನೆನ್ನಲಿ? ದಿಂಬು ಎನ್ನಲೇ? ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದಂತೆ "ಸಾರಿ" ಎಂದು ಮೇಲೆ ಓಡಿದೆ. ಅಂದಿನಿಂದ ಮೀನು ಕೊಳ್ಳಲು ಇಳಿದರೂ ಹಿಂಬದಿಯ ಮೆಟ್ಟಿಲೇ!

ನಾಚಿಕೆಯನ್ನಾದರೂ ನುಂಗಿಕೊಳ್ಳಬಹುದು. ಹೆದರಿಸಿದ್ದು ಅತ್ತೆಯ ವೇಗ. ನಡೆಯುತ್ತ ಮಾತಾಡಲು ಬರುವಷ್ಟು ನಿಧಾನವಿರಬೇಕು, ತೇಕು ಹತ್ತಿದರೆ ಕೂತುಬಿಡಬೇಕು ಎಂದಿದ್ದರು ಡಾಕ್ಟರು. ಆದರೆ ಬುಟ್ಟಿ ಹೊರುವಾಗ ಮಾತಾಡಿದವರನ್ನೂ ನಿಂತವರನ್ನೂ ಕೂಲಿಯವರ ಮೇಸ್ತ್ರಿ, ಆ ಮುಕಾದಮ, ಬೈಯುತ್ತಿದ್ದನಂತೆ. ಆ ಮುಕಾದಮ ಅತ್ತೆಯ ತಲೆಯೊಳಗಿಂದ ಇನ್ನೂ ನಿವೃತ್ತನಾಗಿಲ್ಲ! ನಿನ್ನೆ ಬೆಳಿಗ್ಗೆ ಅವರ ಹಿಂದೆಯೇ ಹೋದೆ. ಏರುರಸ್ತೆಯ ನಡುವೆ ಅವರ ತುಟಿ ಬಿಳಿಚಿತ್ತು. ಸೆರಗಿನಂಚಿನಲ್ಲಿ ಇಣುಕುವ ಆಪರೇಷನ್ನಿನ ಹೊಲಿಗೆಯ ಗೆರೆ ಏರಿಳಿಯುತ್ತಿತ್ತು.

"ಅತ್ತೀ, ಕುಂದರ್ರಿ!"

"ನಾ ಯಾಕ... ಕುಂದರ್ಲಿ? ನನಗೇನಾಗೈತಿ?"

ಸಿಸ್ಟರುಗಳು ಕ್ಷಮಿಸಲಿ, ಸುಳ್ಳು ಹೇಳಿದೆ.

"ನನಗ ತೇಕು ಹತ್ತೇತ್ರಿ. ಒಂದ್ ಹೆಜ್ಜಿನೂ ಆಗವಲ್ದು."

ಅತ್ತೆ ಥಟ್ಟನೆ ನಿಂತರು. ಚೀಲದಿಂದ ದಿಂಬು ಎಳೆದು, ಹಾಡಹಗಲು, ಊರೆಲ್ಲ ನೋಡುವಂತೆ ದಾರಿಬದಿಯ ಕಟ್ಟೆಯ ಮೇಲೆ ಹಾಕಿದರು. ನನ್ನನ್ನು ಅದರ ಮೇಲೆ ಕೂರಿಸಿ, ಪಕ್ಕದ ಬರಿಗಲ್ಲಿನ ಮೇಲೆ ತಾವು ಕೂತರು.

"ಮೊದಲ ಹೇಳಬಾರದೇನ ನನ್ನವ್ವಾ? ಮೆಲ್ಲಕ ನಡೀತಿದ್ನಲ್ಲ."

ಅಷ್ಟರಲ್ಲಿ ಅದೇ ಕೊಂಕಣಿ ಬಾಯಿ ಬರಬೇಕೇ! ದಿಂಬನ್ನು ನೋಡಿದರು, ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಸೊಸಿಗೆ ಆರಾಮಿಲ್ರಿ ಬಾಯಾರ," ಎಂದರು ಅತ್ತೆ. "ಅಕಿನ್ನ ಅಡ್ಡಾಡ್ಸಾಕ ಬಂದೇನಿ. ನಾಳಿಂದ ದಿನಾ ಬರ್ತೀವ್ರಿ, ಸಾವಕಾಶ."

ಅತ್ತೆಗೊಂದು ಕೆಲಸ ಸಿಕ್ಕಿತ್ತು. ಬೆವರೇ ಇಲ್ಲದ ನನ್ನ ಹಣೆಯನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸಿದರು. ನಾನು ತಲೆ ತಗ್ಗಿಸಿ ಕೂತೇ ಇದ್ದೆ, ಅವರ ಉಸಿರು ಸಮಕ್ಕೆ ಬರುವ ತನಕ.