ನಾನು ಮಣೆ ಹಾಕದ ಪುಸ್ತಕ

ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವನು ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮುಂದುವರಿಸುತ್ತಾನೆ. ನಾನು ಅಬುಧಾಬಿಯಲ್ಲಿ ಬಾಗಿಲು-ಕಿಟಕಿ ತಯಾರಿಸುವ ಕಂಪನಿಯೊಂದರ ಕ್ವಾಲಿಟಿ ಇನ್ಸ್‌ಪೆಕ್ಟರ್. ಯಾರೋ ಬೆವರು ಸುರಿಸಿ ಮಾಡಿದ ಬಾಗಿಲಿನ ಮುಂದೆ ನಿಂತು, ಕೂದಲೆಳೆಯಷ್ಟು ಸಂದು ಕಂಡರೂ ಕೆಂಪು ಸ್ಟಿಕ್ಕರ್ ಅಂಟಿಸಿ ‘ರಿಜೆಕ್ಟ್’ ಎನ್ನುವುದು ನನ್ನ ಉದ್ಯೋಗ. ನಾನಾಗಿ ಇದುವರೆಗೆ ಒಂದು ಮೊಳೆ ಹೊಡೆದವನಲ್ಲ. ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲ ಊರಲ್ಲೂ ಇದ್ದಾರೆ. ವೀಸಾ ಕೊಟ್ಟು, ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಂಡದ್ದು ಮಾತ್ರ ನನ್ನನ್ನೇ ಇರಬೇಕು.

ಹೀಗಿರುವಾಗ ಹತ್ತು ವರ್ಷದ ನನ್ನ ಮಗಳು ಧೃತಿ ಚಳಿಗಾಲದ ರಜೆಯಲ್ಲಿ ತನ್ನ ಟ್ಯಾಬನ್ನು ತಾನಾಗಿಯೇ ಕೆಳಗಿಟ್ಟು, ಮರದಲ್ಲಿ ಏನಾದರೊಂದು ಮಾಡಬೇಕು, ಶಾಲೆ ಶುರುವಾಗುವುದರೊಳಗೆ ಮುಗಿಸಬೇಕು ಎಂದಳು. ಟ್ಯಾಬ್ ಕೆಳಗಿಡುವ ಮಕ್ಕಳು ಈ ಕಾಲದಲ್ಲಿ ಅಪರೂಪ. ಅವಳ ಆಸೆ ಆರಿಹೋಗುವ ಮೊದಲು ಒಂದು ಒಳ್ಳೆಯ ಪುಸ್ತಕ ಆರಿಸಿಕೊಡುವುದು ನನ್ನ ಪಾಲಿಗೆ ಬಂತು.

ದುಬೈಯ ಮಾಲ್ ಒಂದರ ಪುಸ್ತಕದಂಗಡಿಯಲ್ಲಿ ಮಕ್ಕಳ ಮರಗೆಲಸಕ್ಕೆಂದೇ ಒಂದು ಕಪಾಟಿತ್ತು. ಮೊದಲ ಪುಸ್ತಕ ತೆರೆದರೆ ಹಕ್ಕಿಗೂಡು. ಎರಡನೆಯದರಲ್ಲೂ ಹಕ್ಕಿಗೂಡು. ಮೂರನೆಯದರಲ್ಲಿ ಹೊಗೆಗೂಡಿರುವ ಹಕ್ಕಿಗೂಡು, ಹಕ್ಕಿ ಅಡುಗೆ ಮಾಡುತ್ತದೆಯೋ ಏನೋ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲಾಟಿನಲ್ಲಿ ಎಸಿ ಯಂತ್ರದ ಹಿಂದೆ ಪಾರಿವಾಳಗಳು ಬಾಡಿಗೆ ಕೊಡದೆ ತಲೆಮಾರುಗಳನ್ನೇ ಕಳೆದಿವೆ. ಅವುಗಳನ್ನು ಎಬ್ಬಿಸಲು ಹೋಗಿ ವಾಚ್‌ಮನ್ ಸೋತು ಕೈಬಿಟ್ಟಿದ್ದಾನೆ. ಇನ್ನೊಂದು ಪುಸ್ತಕದಲ್ಲಿ ಹಿಮದ ಮೇಲೆ ಜಾರುವ ಬಂಡಿ. ಮತ್ತೊಂದರಲ್ಲಿ ಅಳಿಲಿಗೆ ಊಟದ ತಟ್ಟೆ. ನನ್ನ ಮಗಳು ಅಳಿಲನ್ನು ಕಂಡಿರುವುದು ಮಂಗಳೂರಿನ ಅಜ್ಜಿಮನೆಯಲ್ಲಿ, ಅದೂ ಅಜ್ಜಿ ಅದನ್ನು ಓಡಿಸುತ್ತಿದ್ದಾಗ.

ಪುಸ್ತಕದ ಜೊತೆ ಪೆಟ್ಟಿಗೆಗಳೂ ಇದ್ದವು. ಅವುಗಳಲ್ಲಿ ಹಲಗೆ ಮೊದಲೇ ಕತ್ತರಿಸಿರುತ್ತದೆ, ತೂತು ಮೊದಲೇ ಕೊರೆದಿರುತ್ತದೆ, ಮಗು ಅಂಟು ಹಚ್ಚಿದರೆ ಮುಗಿಯಿತು. ಅಂಗಡಿಯಿಂದ ಹೋಳಿಗೆ ತಂದು ಮೇಲೆ ತುಪ್ಪ ಸವರಿ, ನಾನೇ ಮಾಡಿದ್ದು ಎನ್ನುವ ಜಾತಿಯ ಮರಗೆಲಸ ಇದು. ಪೆಟ್ಟಿಗೆಯಿಲ್ಲದ ಪುಸ್ತಕಗಳಲ್ಲಿ ಪುಟಪುಟಕ್ಕೂ ಒಂದು ಕೆಂಪು ಕೈಯ ಚಿತ್ರ, ಇಲ್ಲಿ ದೊಡ್ಡವರ ಸಹಾಯ ಪಡೆಯಿರಿ ಎಂಬ ಎಚ್ಚರಿಕೆ. ಗರಗಸ ಹಿಡಿಯಲು ದೊಡ್ಡವರು, ಮೊಳೆ ಹೊಡೆಯಲು ದೊಡ್ಡವರು. ಮಕ್ಕಳಿಗೆ ಉಳಿಯುವುದು ಬಿಳಿ ಅಂಗಿ ತೊಟ್ಟು ಫೋಟೋಕ್ಕೆ ಹಲ್ಲು ಕಿರಿಯುವ ಕೆಲಸ. ನಮ್ಮ ಮನೆಯಲ್ಲಿ ಆ ದೊಡ್ಡವರು ಯಾರು ಎಂದು ಯೋಚಿಸಿದಾಗ ನನಗೆ ಇನ್ನಷ್ಟು ಸಿಟ್ಟು ಬಂತು.

ನಾನು ಒಂದೊಂದನ್ನೇ ತೆಗೆದು, ಬೈದು, ವಾಪಸ್ ಇಡುತ್ತಿದ್ದರೆ ಮಗಳು ಪ್ರತಿ ಸಲವೂ ‘ಎನಿ ಒನ್ ಈಸ್ ಫೈನ್, ಪಪ್ಪಾ’ ಎನ್ನುತ್ತಿದ್ದಳು. ಬರಬರುತ್ತಾ ಅವಳ ದನಿ ಸಣ್ಣದಾಯಿತು. ಕೊನೆಗೆ ಪುಟ್ಟ ಸ್ಟೂಲ್ ಮಾಡುವುದನ್ನು ಹೇಳಿಕೊಡುವ ಒಂದು ಪುಸ್ತಕ ಕೊಂಡೆ. ಮನೆಗೆ ಬಂದು ನೋಡಿದರೆ ಅಳತೆಯೆಲ್ಲ ಇಂಚಿನಲ್ಲಿ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಂಥ ಪುಸ್ತಕಕ್ಕೆಲ್ಲ ನಾನು ಮಣೆ ಹಾಕುವವನಲ್ಲ ಎಂದು ಹೆಂಡತಿ ಶೋಭಾಳಿಗೆ ಕೇಳುವಂತೆ ಘೋಷಿಸಿದೆ.

ಅವಳು ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಊರಿನಿಂದ ವಿಮಾನದಲ್ಲಿ ಬಂದ ಆ ಮಣೆ ಒಂದು ಕಾಲು ಸವೆದು ಬಹಳ ದಿನಗಳಿಂದ ಕುಟುಕುಟು ಅಲ್ಲಾಡುತ್ತಿತ್ತು. ಅದರ ಬಗ್ಗೆ ನನ್ನ ತೀರ್ಪು ಎಂದೋ ಬಂದಾಗಿತ್ತು: ತಪ್ಪು ಮಣೆಯದಲ್ಲ, ಒಲೆಯ ಹತ್ತಿರದ ಟೈಲ್ ಒಂದು ಮೂಲೆಯಲ್ಲಿ ಎದ್ದಿದೆ. ಇದನ್ನು ಮನೆ ಮಾಲೀಕರ ಕಡೆಯವರಿಗೆ ಹೇಳಿದ್ದೆ, ಬಂದ ನೆಂಟರಿಗೂ ತೋರಿಸಿದ್ದೆ. ಆ ದಿನ ಮತ್ತೊಮ್ಮೆ ಹೇಳಿದೆ.

‘ಕುಣಿಲಿಕ್ಕೆ ಬಾರದವರಿಗೆ ನೆಲ ಡೊಂಕು’ ಎಂದ ಶೋಭಾ, ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮಣೆಯ ಕಾಲಿನಡಿಗೆ ತುರುಕಿ, ಕಾಯಿ ತುರಿಯುವುದನ್ನು ಮುಂದುವರಿಸಿದಳು. ನಾನು ಮಣೆ ಹಾಕದ ಪುಸ್ತಕದ ಮೇಲೆ ಅವಳು ನಿಜವಾಗಿಯೂ ಮಣೆ ಹಾಕಿಬಿಟ್ಟಳು. ಧೃತಿ ನೆಲಕ್ಕೆ ಬಗ್ಗಿ, ಆ ಪುಸ್ತಕವನ್ನೂ ಕಾಲನ್ನೂ ಬಹಳ ಹೊತ್ತು ನೋಡಿದಳು. ಅವಳ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನಿಜಕ್ಕೂ ಬೇಸರವಾಯಿತು. ಪುಸ್ತಕ ಬರೆದವರನ್ನು ಇನ್ನೊಂದು ಸುತ್ತು ಬೈದು ಮಲಗಿದೆ.

ಮರುದಿನ ಸಂಜೆ ಡ್ಯೂಟಿ ಮುಗಿಸಿ ಬಂದರೆ ನಡುಮನೆಯ ತುಂಬ ಮರದ ಪುಡಿ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದ ಪಕ್ಕದ ಮನೆಯವರು ಬಿಟ್ಟುಹೋಗಿದ್ದ ಮಂಚದ ಪಟ್ಟಿಯೊಂದನ್ನು ಶೋಭಾ ಹಿಡಿದುಕೊಂಡಿದ್ದಳಂತೆ, ವಾಚ್‌ಮನ್ ಹತ್ತಿರ ಕೇಳಿ ತಂದ ಗರಗಸವನ್ನು ಮಗಳು ಎಳೆದಿದ್ದಳಂತೆ. ಗುರುತು ಹಾಕುವುದು, ಉಜ್ಜುವುದು, ಸ್ಕ್ರೂ ಬಿಗಿಯುವುದು ಎಲ್ಲವೂ ಆ ಸ್ಟೂಲ್ ಪುಸ್ತಕ ನೋಡಿಯೇ. ಇಂಚನ್ನು ಸೆಂಟಿಮೀಟರ್ ಮಾಡುವುದು ಅವಳಿಗೆ ಶಾಲೆಯಲ್ಲಿ ಕಲಿಸಿದ್ದಾರೆ, ಅದು ನನಗೆ ಹೊಳೆದಿರಲಿಲ್ಲ. ತುರಿಮಣೆಗೆ ಹೊಸ ಕಾಲು ಬಂದಿತ್ತು.

ನಾನು ಬ್ಯಾಗ್ ಇಳಿಸುವ ಮೊದಲೇ ಮಣೆಯನ್ನು ಮಗುಚಿ ಹಾಕಿ ಅಳತೆ ಪಟ್ಟಿ ಹಿಡಿದೆ. ಹೊಸ ಕಾಲು ಒಂದು ಕಡೆ ಎರಡು ಮಿಲಿಮೀಟರ್ ಕಡಿಮೆ ಇತ್ತು. ‘ರಿಜೆಕ್ಟ್’ ಎಂಬ ಮಾತು ಬಾಯಿಂದ ಹೊರಗೇ ಬಂತು. ಧೃತಿಯ ಮುಖ ಬಾಡಿತು.

‘ಅಳ್ದದ್ದು ಸಾಕು, ಒಮ್ಮೆ ಕೂತು ನೋಡಿ ಮಾರಾಯ್ರೆ’ ಎಂದಳು ಶೋಭಾ.

ಒಲೆಯ ಹತ್ತಿರ ಅದರ ಮಾಮೂಲಿ ಜಾಗದಲ್ಲಿಟ್ಟು ಕೂತೆ. ಮಣೆ ಅಲ್ಲಾಡಲಿಲ್ಲ. ಬೇಕೆಂದೇ ಅತ್ತಿತ್ತ ವಾಲಿದರೂ ಅಲ್ಲಾಡಲಿಲ್ಲ.

‘ದಟ್ ಟೈಲ್ ಈಸ್ ಹೈ’ ಎಂದಳು ಮಗಳು. ‘ನೀವೇ ಹೇಳಿದ್ದಲ್ವಾ ಪಪ್ಪಾ? ಅದಕ್ಕೇ ಶಾರ್ಟ್ ಮಾಡಿದ್ದು.’

ಇಷ್ಟು ದಿನ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಹೇಳುವುದರ ಜೊತೆಗೆ ಇನ್ನೇನಾದರೂ ಮಾಡಬಹುದಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ. ಮಗಳ ಬೆನ್ನು ತಟ್ಟಬೇಕೆನಿಸಿತು, ತಟ್ಟಿದೆ. ಏಳಲು ನೋಡುವಷ್ಟರಲ್ಲಿ ಶೋಭಾ, ಹೇಗೂ ಕೂತಿದ್ದೀರಲ್ಲ ಎಂದು ಅರ್ಧ ತೆಂಗಿನಕಾಯಿಯನ್ನು ನನ್ನ ಕೈಗಿತ್ತಳು. ಜನ್ಮದಲ್ಲಿ ಮೊದಲ ಬಾರಿಗೆ ಕಾಯಿ ತುರಿದೆ. ಧೃತಿ ಪುಸ್ತಕದ ಕೆಂಪು ಕೈಯ ಪುಟ ತೆರೆದಿಟ್ಟುಕೊಂಡು, ನನ್ನ ಬೆರಳಿನ ಮೇಲೆ ಕಣ್ಣಿಟ್ಟು ಪಕ್ಕದಲ್ಲೇ ನಿಂತಳು. ಮುಗಿದ ಮೇಲೆ ಬಟ್ಟಲಿಗೆ ಬಗ್ಗಿ, ತುರಿಯಲ್ಲಿ ಕರಟದ ಕಪ್ಪು ಪುಡಿ ಸೇರಿರುವುದನ್ನು ತೋರಿಸಿದಳು. ಕನ್ನಡಕ ಹಾಕಿಕೊಂಡು ನೋಡಿದೆ. ಸೇರಿತ್ತು.

‘ಕಾಯಿಯೇ ಸರಿಯಿಲ್ಲ’ ಎಂದೆ.