ಬೀಗರ ಪಂಕ್ತಿಗೆ ಹೊಟ್ಟೆ ತುಂಬಿಸುವ ಪೆಟ್ಟಿಗೆ

ಬೆಟಗೇರಿಯಲ್ಲಿ ಮೋಟರ್ ವೈಂಡಿಂಗ್ ಮಾಡುವ ರುದ್ರಮುನಿ, ಮಗಳ ಮದುವೆಯ ಮಾತು ಮುಗಿಸಲು ನರಗುಂದದಿಂದ ಬಂದ ಬೀಗರ ಮುಂದೆ ಊಟದ ಗಂಗಾಳಕ್ಕಿಂತ ಮೊದಲು ತಂದಿಟ್ಟಿದ್ದು ತಾನೇ ಮಾಡಿದ ಒಂದು ತಗಡಿನ ಪೆಟ್ಟಿಗೆಯನ್ನು! ಎದೆ ಉಬ್ಬಿಸಿ ವಿವರಿಸಿದ. ಕಾಳು, ಬೇಳೆ, ಮೊಸರಿನ ಪ್ರೋಟೀನು ಕರುಳಿಗಿಳಿದರೆ ಕರುಳು ಹಾರ್ಮೋನು ಬಿಡುತ್ತದೆಯಂತೆ. ಅದು ಮಿದುಳಿಗೆ ಹೊಟ್ಟೆ ತುಂಬಿದ ಸುದ್ದಿ ಮುಟ್ಟಿಸುತ್ತದೆಯಂತೆ. ಆದರೆ ಸುದ್ದಿ ಹೊರಟು ತಲುಪುವುದರೊಳಗೆ ನಮ್ಮ ಕಡೆಯ ಒತ್ತಾಯಕ್ಕೆ ನಾಲ್ಕು ರೊಟ್ಟಿ ಹೆಚ್ಚಾಗಿರುತ್ತವೆ. ಪೆಟ್ಟಿಗೆಯ ಮುಂದೆ ಕುಳಿತವರಿಗೆ ಸುದ್ದಿ ತಟ್ಟನೆ ಮುಟ್ಟುತ್ತದೆ; ಬೀಗರ ಹೊಟ್ಟೆ ಕೆಡುವ ಮಾತೇ ಇಲ್ಲ.

ಹೆಂಡತಿ ಗಿರಿಜವ್ವನ ಲೆಕ್ಕವೇ ಬೇರೆ. ಬೀಗರು ಬೇಡಿ ಬೇಡಿ ಉಂಡರೆ ಸಂಬಂಧ ಗಟ್ಟಿ. ಅರ್ಧಕ್ಕೆ ಕೈ ತೊಳೆದರೆ ಮುರಿದಂತೆಯೇ. ಅದಕ್ಕೆಂದೇ ನಸುಕಿನಿಂದ ರೊಟ್ಟಿ ಬಡಿದಿದ್ದಳು.

ಮಡಕಿಕಾಳಿನ ಪಲ್ಯದ ಮೊದಲ ತುತ್ತು ಇಳಿಯಿತೋ ಇಲ್ಲವೋ, ವರನ ತಂದೆ ಸಂಗನಬಸಪ್ಪ ತೇಗಿದರು.

"ಸಾಕ್ರಿ ಅಕ್ಕಾರ, ಹೊಟ್ಟಿ ತುಂಬೇತಿ."

ಅವರ ಹೆಂಡತಿ ಗಂಗಾಳ ಸರಿಸಿದಳು. ವರ ನೀರಿನ ತಂಬಿಗೆ ಹುಡುಕತೊಡಗಿದ. ಗಿರಿಜವ್ವ ಗಂಡನ ಕಿವಿಯ ಬಳಿ ಬಾಗಿದಳು.

"ಅದನ್ನ ಬಂದ್ ಮಾಡ್ರಿ. ಮಗಳ ಸಂಬಂಧ ನಿಮ್ಮ ಡಬ್ಬಿ ತಿಂತೈತಿ."

ಬಂದ್ ಮಾಡಿದರೆ ಮರ್ಯಾದೆ ಏನುಳಿಯಿತು? ರುದ್ರಮುನಿ ಪೆಟ್ಟಿಗೆಯ ಗುಂಡಿಯನ್ನು ಉಲ್ಟಾ ತಿರುವಿದ. ಮಿದುಳಿಗೆ ಸುದ್ದಿ ಹೋಗುವುದೇ ನಿಂತಿತು; ಎಷ್ಟು ಉಂಡರೂ ಹಸಿವು. ಸಂಗನಬಸಪ್ಪನವರು ಗಂಗಾಳ ಎಳೆದುಕೊಂಡರು. ರೊಟ್ಟಿಯ ಬುಟ್ಟಿ ಬರಿದಾಯಿತು. ಪಲ್ಯ, ಝುಣಕ, ಶೇಂಗಾ ಚಟ್ನಿ ಒಂದರ ಹಿಂದೊಂದು ಮಾಯ. ಹಿಗ್ಗಿನಿಂದ ಗಿರಿಜವ್ವ ಇನ್ನಷ್ಟು ರೊಟ್ಟಿ ಬಡಿದು ತಂದು, ನೀಡಲೆಂದು ಪೆಟ್ಟಿಗೆಯ ಮುಂದೆ ಬಾಗಿದಳು.

ಅಷ್ಟೇ! ಬೀಗರು ಉಂಡೆದ್ದ ಮೇಲೆ ಉಣ್ಣಬೇಕಾದ ಹೆಣ್ಣಿನ ತಾಯಿ, ಅವರ ಪಂಕ್ತಿಯಲ್ಲೇ ಕುಳಿತು ಬೀಗತಿಯ ಗಂಗಾಳದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಮಗಳು ಬಾಗಿಲಲ್ಲೇ ಕಲ್ಲಾದಳು. ಬೀಗತಿ ಒಂದು ಗಳಿಗೆ ದಿಟ್ಟಿಸಿ ನೋಡಿ, ಚಟ್ನಿಯನ್ನು ಆಕೆಯ ಕಡೆ ಸರಿಸಿದಳು.

"ತಾ ಮಾಡಿದ ಅಡಗಿ ತಾನ ಇಷ್ಟು ಆಸೆಪಟ್ಟು ತಿನ್ನಾಕೀನ್ನ ಇವತ್ತ ನೋಡಿದೆ. ಇಂಥಾ ಮನಿ ಹುಡುಗಿನ ನಮಗ ಬೇಕು. ಮಾತು ಮುಗೀತ್ರಿ."

ಪೆಟ್ಟಿಗೆಯ ಹಿಂದೆ ನಿಂತಿದ್ದರಿಂದ ಹಸಿವಿಲ್ಲದೆ ಉಳಿದಿದ್ದ ರುದ್ರಮುನಿ, ಈ ಸಂಬಂಧ ಕೂಡಿಸಿದ್ದು ತನ್ನ ವಿಜ್ಞಾನವೇ ಎಂದು ಮೀಸೆ ತಿರುವಿದ. ಗಿರಿಜವ್ವ ಗಂಗಾಳದಿಂದ ತಲೆ ಎತ್ತಲಿಲ್ಲ.

"ಹೌದ್ರಿ, ನಿಮ್ಮದ ವಿಜ್ಞಾನ. ಒಲಿ ಮ್ಯಾಲ ಹಂಚು ಕಾದೈತಿ, ಹೋಗಿ ರೊಟ್ಟಿ ಬಡೀರಿ."