ಜಯಕ್ಕನ ಕೊನೆಯ ಕಂತು

ಆ ಐನೂರರ ನೋಟಿಗೆ ಅರಿಶಿನ ಹತ್ತಿದ್ದು ಜಯದೇವಿಯ ತಪ್ಪಲ್ಲ. ಆ ಮನೆಯಲ್ಲಿ ದುಡ್ಡು ಉಳಿಯುವ ಜಾಗ ಅದೊಂದೇ. ಅಲಮಾರಿಯಲ್ಲಿಟ್ಟರೆ ಗಂಡ ಸುನೀಲಕುಮಾರನ ಕೈಗೆ ಸಿಗುತ್ತಿತ್ತು, ದೇವರ ಜಗಲಿಯ ಮೇಲಿಟ್ಟರೆ ಅತ್ತೆಯ ಕೈಗೆ, ದಿಂಬಿನ ಕೆಳಗಿಟ್ಟರೆ ಮಗಳ ಕೈಗೆ. ಅರಿಶಿನದ ಡಬ್ಬಿಗೆ ಮಾತ್ರ ಜಯದೇವಿಯನ್ನು ಬಿಟ್ಟರೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಹಾಗಾಗಿ ವಾರದ ಕಂತಿನ ಆರುನೂರು ರೂಪಾಯಿ ಎರಡು ವರ್ಷದಿಂದ ಅಲ್ಲೇ ಮಲಗಿ, ಗುರುವಾರ ಬೆಳಿಗ್ಗೆ ಮದುಮಗಳ ಹಾಗೆ ಹಳದಿಯಾಗಿ ಏಳುತ್ತಿತ್ತು.

ಇವತ್ತಿನ ಗುರುವಾರ ಕೊನೆಯದು. ಮಗಳ ಕಾಲೇಜಿನ ಫೀಸಿಗೂ ಕಲಬುರಗಿಯ ಬಿಸಿಲಿಗೆ ಹೆದರಿ ತಂದ ಕೂಲರಿಗೂ ಸೇರಿಸಿ, ಓಣಿಯ ಹೆಂಗಸರ ಗುಂಪಿನಲ್ಲಿ ಎತ್ತಿದ ಸಾಲ ಅದು. ಕೂಲರು ಸತ್ತು ಒಂದು ಬೇಸಿಗೆ ಕಳೆದಿತ್ತು. ಈಗ ಅದರ ಹೊಟ್ಟೆಯಲ್ಲಿ ಉಳ್ಳಾಗಡ್ಡಿ ಇಡುತ್ತಿದ್ದರು. ಸಾಲ ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿತ್ತು. ಅದಕ್ಕಾಗಿ ಜಯದೇವಿ ಹಾಲಿಗೆ ನೀರು ಹಾಕಿದಳು, ಚಹಾಕ್ಕೆ ಸಕ್ಕರೆಯನ್ನು ನೆನಪಿಗಷ್ಟೇ ಹಾಕಿದಳು. ದಾಲ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಸುನೀಲಕುಮಾರ ತಾಟಿನ ಮುಂದೆ ಕೂತು, "ದಿನಾ ಲೋಡುಗಟ್ಟಲೆ ತೊಗರಿಬ್ಯಾಳಿ ನೋಡಿ ಬರ್ತೀನಿ. ಮನಿ ಸಾರಿನಾಗ ನೋಡಬೇಕಂದ್ರ ಬ್ಯಾಟರಿ ಹಚ್ಚಬೇಕು" ಅನ್ನುತ್ತಿದ್ದ.

ಜಯದೇವಿ ಯಾರಿಗೂ ಹೇಳದ ಒಂದು ಆಸೆಯಿತ್ತು. ಮುಂದಿನ ಗುರುವಾರದ ಆರುನೂರಕ್ಕೆ ತನಗೊಂದು ಚಾಳೀಸಿನ ಕನ್ನಡಕ ಮಾಡಿಸಿಕೊಳ್ಳಬೇಕು. ಸೂಜಿಗೆ ದಾರ ಪೋಣಿಸಲು ಕರೆದಾಗಲೆಲ್ಲ ಮಗಳು, "ಅವ್ವಾ, ಸೂಜಿ ತೂತು ಸಣ್ಣದಾಗಿಲ್ಲ, ನೀ ದೊಡ್ಡಾಕಿ ಆಗಿದಿ" ಎಂದು ನಗುತ್ತಿದ್ದಳು. ಆ ನಗು ಜಯದೇವಿಗೆ ಎಲ್ಲೋ ಚುಚ್ಚಿತ್ತು. ತನಗಾಗಿ ಏನನ್ನಾದರೂ ಕೊಂಡು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗಿ, ನೆನಪಾಗದೆ ಬಿಟ್ಟಿದ್ದಳು.

ಗುಂಪಿನ ಲೀಡರು ಅವಳೇ. ಕೂಲರಿದ್ದ ಮನೆ ಎಂದು ಕಂತಿನ ಸಭೆ ಅಲ್ಲಿ ಶುರುವಾಗಿತ್ತು. ಕೂಲರು ಹೋದರೂ ಲೀಡರ್‌ಗಿರಿ ಹೋಗಲಿಲ್ಲ. ಬೆಳಿಗ್ಗೆ ಹೆಂಗಸರೆಲ್ಲ ಬಂದು ಕೂತರು. ಕಂತು ವಸೂಲಿಯ ಹುಡುಗ ವಿವೇಕಾನಂದ ಜಯದೇವಿಯ ನೋಟನ್ನು ಬೆಳಕಿಗೆ ಹಿಡಿದು ನೋಡಿದ. ಗಾಂಧೀಜಿಯ ಕನ್ನಡಕದ ಒಂದು ಗಾಜು ಪೂರಾ ಹಳದಿಯಾಗಿತ್ತು.

"ಇದು ಬ್ಯಾಂಕಿಂದೋ ಅಡಿಗಿಮನೀದೋ, ಬಾಯೋರೇ?"

"ನಡೀತದೋ ಇಲ್ಲೋ ಹೇಳಪಾ."

"ನಡೀತದ್ರಿ. ಆದ್ರ ಭೀಮಬಾಯಿಯವರದು ಎಲ್ಲದ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮನೆಯ ಭುವನೇಶ್ವರಿ ಹೇಳಿದಳು: "ಆಕಿ ಕಮಲಾಪುರಕ್ಕ ಹೋಗ್ಯಾಳ. ಮಗಳು ಮಲ್ಲಿಕಾಂದು ಇವತ್ತು ಬೀಗರ ಮನ್ಯಾಗ ಏಳು ತಿಂಗಳ ಕುಬಸ."

"ಕಂತು ಕೊಟ್ಟು ಹೋಗ್ಯಾರೇನ್ರಿ?"

"ಬಸುರಿ ಮಗಳ ಉಡಿ ತುಂಬಾಕ ಹೊಂಟಾಕಿ ಸಾಲದ ಮಾತು ಹ್ಯಾಂಗ ಎತ್ತತಾಳಪಾ? ಫೋನೂ ಎತ್ತವಲ್ಲಳು."

ವಿವೇಕಾನಂದ ನೋಟನ್ನು ಜಯದೇವಿಗೆ ವಾಪಸು ಕೊಟ್ಟ. "ಇದು ಗುಂಪಿನ ಸಾಲ ನೋಡ್ರಿ. ಒಬ್ಬರದು ಕಮ್ಮಿ ಬಿದ್ರ ಯಾರದೂ ಜಮಾ ಆಗಂಗಿಲ್ಲ. ಎಲ್ಲಾರೂ ಒಂದಿಷ್ಟು ಕೂಡಿಸಿ ಹಾಕ್ರಿ. ಇಲ್ಲಾಂದ್ರ ನಾ ಇಲ್ಲೇ ಕೂಡ್ತೀನಿ. ಸಾಹೇಬ್ರು ಹಂಗೇ ಹೇಳ್ಯಾರ."

ಕೂಡಿಸಿ ಹಾಕ್ರಿ ಎಂಬ ಮಾತು ಕೇಳಿದ್ದೇ ಎಲ್ಲರಿಗೂ ಒಮ್ಮೆಲೇ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಹೊಸ್ತಿಲು ದಾಟುತ್ತ ಭುವನೇಶ್ವರಿ, "ಲೀಡರು ನೀನೇ ಅಲ್ಲ, ಜಯಕ್ಕ? ಜರಾ ಹೋಗಿ ಇಸಗೊಂಡು ಬಾ. ಬಸ್ಸಂತೂ ಬಿಟ್ಟಿ ಅದ" ಅಂದಳು. ವಿವೇಕಾನಂದ ಫ್ಯಾನಿನ ಕೆಳಗೆ ನಾಟಿ ಹಚ್ಚಿದ ಸಸಿಯ ಹಾಗೆ ಊರಿಕೊಂಡ. "ಸಂಜೀ ತನಕ ಕೂಡ್ತೀನ್ರಿ. ನಡನಡುವ ಚಹಾ ಇದ್ರ ಸಾಕು."

ಜಯದೇವಿ ತನ್ನ ಆರುನೂರನ್ನೂ ಪರ್ಸಿಗೆ ಹಾಕಿಕೊಂಡಳು. ಮನೆಯಲ್ಲಿಟ್ಟರೆ ಅದೇ ಹೊತ್ತಿಗೆ ಗ್ಯಾಸಿನವನು ಬರುತ್ತಾನೆಂಬುದು ಅವಳ ಸಂಸಾರದ ಅನುಭವ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಟಿಕೀಟಿಗೆ ದುಡ್ಡಿಲ್ಲ. ದುಡ್ಡಿಲ್ಲವೆಂದೇ ಜಿಲ್ಲೆಯ ಹೆಂಗಸರೆಲ್ಲ ಅದೇ ಬಸ್ಸಿನಲ್ಲಿದ್ದರು. ಮಹಾಗಾಂವದ ತನಕ ಜಯದೇವಿ ಒಂದೇ ಕಾಲಿನ ಮೇಲೆ ನಿಂತಳು. ಇನ್ನೊಂದು ಕಾಲು ಯಾರದೋ ಜೋಳದ ಚೀಲದ ಮೇಲಿತ್ತು. "ಚೀಲ ತುಳೀಬ್ಯಾಡವ್ವ, ರೊಟ್ಟಿ ಮಾಡೋ ಜೋಳ ಅದು" ಎಂದು ಚೀಲದವಳು ಊರು ಬರುವವರೆಗೂ ಹೇಳುತ್ತಲೇ ಇದ್ದಳು.

ಕಮಲಾಪುರದ ಬೀಗರ ಮನೆ ಹುಡುಕಬೇಕಾಗಲಿಲ್ಲ. ಮಲ್ಲಿಕಾಳ ಮಾವ ಮಹಾದೇವಪ್ಪ, ಮೊದಲ ಮೊಮ್ಮಗುವಿನ ಸಂಭ್ರಮವೆಂದು ಧ್ವನಿವರ್ಧಕ ಕಟ್ಟಿಸಿದ್ದ. ಹಂದರದ ಬಾಗಿಲಲ್ಲೇ ಭೀಮಬಾಯಿ ಹಸಿರು ಸೀರೆಯಲ್ಲಿ ಎದುರಾದಳು. ಜಯದೇವಿಯನ್ನು ಕಂಡದ್ದೇ ಅವಳ ಕಣ್ಣು ತುಂಬಿತು.

"ಬಂದ್ಯಾ, ಜಯಕ್ಕ? ಓಣ್ಯಾಗ ಅಷ್ಟೂ ಮನಿಗೆ ಹೇಳಿ ಬಂದಿದ್ದೆ. ನೀ ಒಬ್ಬಾಕೇ ಬಂದಿ ನೋಡು."

"ಭೀಮಬಾಯಿ, ನಾ ಬಂದದ್ದು ಯಾಕಂದ್ರ..."

"ಯಾಕಂದ್ರ ನಿನ್ನ ಮನಸು ಅಂಥಾದ್ದು. ಬಾ, ಮೊದಲ ಬಳಿ ಇಟ್ಟುಕೋ."

ಬಳೆಗಾರ ಲಾಲ್ ಅಹ್ಮದ್ ಅವಳ ಕೈಯನ್ನು ಹಿಡಿದ ಹಿಡಿತ ಪೊಲೀಸರದಕ್ಕಿಂತ ಕಮ್ಮಿ ಇರಲಿಲ್ಲ. "ಕೈ ಸಡಲ ಬಿಡ್ರಿ, ಅಕ್ಕಾ. ಮನಸಿನಾಗ ಫಿಕರ್ ಇಟ್ಕೊಂಡ್ರ ಬಳಿ ಒಡೀತಾವ" ಅಂದ. ಎರಡು ಬಳೆ ಒಡೆದವು.

ಬಳೆ ಮುಗಿಯುವ ಹೊತ್ತಿಗೆ ಆಯೇರ ಶುರುವಾಯಿತು. ಯಾರು ಎಷ್ಟು ಮುಯ್ಯಿ ಮಾಡಿದರೆಂದು ಮಹಾದೇವಪ್ಪ ಮೈಕಿನಲ್ಲಿ ಊರಿಗೆ ಕೇಳುವಂತೆ ಓದುತ್ತಿದ್ದ. ಸೋದರಮಾವ ಐನೂರಾ ಒಂದು, ಚಿಕ್ಕಮ್ಮ ಐನೂರಾ ಒಂದು. ಜಯದೇವಿ ಕಂಬದ ಹಿಂದೆ ಸರಿದಳು. ಭೀಮಬಾಯಿ ಅವಳ ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು.

"ಕಲಬುರಗಿ ಶಹರದಿಂದ ಖಾಸ್ ಈ ಕಾರ್ಯಕ್ಕಂತ ಬಂದ ಜಯದೇವಿಯವರಿಂದ..." ಎಂದು ಮಹಾದೇವಪ್ಪ ನಿಲ್ಲಿಸಿದ. ಮೈಕು ತೆರೆದೇ ಇತ್ತು. ಊರಿಗೆ ಊರೇ ಕಿವಿಗೊಟ್ಟಿತ್ತು.

ಪರ್ಸಿನಲ್ಲಿ ಅವಳ ಬೆರಳಿಗೆ ಮೊದಲು ಸಿಕ್ಕಿದ್ದು ನೂರರ ನೋಟೇ. ಅದು ಅರ್ಧ ಹೊರಗೂ ಬಂದಿತ್ತು. ಆಗಲೇ ಮಹಾದೇವಪ್ಪ ಮೈಕಿನಲ್ಲಿ, "ಶಹರದ ಮಂದಿದು ದಿಲ್ ದೊಡ್ಡದು" ಅಂದುಬಿಟ್ಟ. ನೂರರ ನೋಟು ನಾಚಿಕೊಂಡು ತಾನೇ ಒಳಗೆ ಹೋಯಿತು. ಹಳದಿ ಕನ್ನಡಕದ ಐನೂರು ಹೊರಗೆ ಬಂತು. ಲಾಲ್ ಅಹ್ಮದ್ ಹಿಂದಿನಿಂದ, "ಸೊನ್ನಿಗೆ ಬಿಡಬಾರದು, ಅಕ್ಕಾ" ಎನ್ನುತ್ತ ತನ್ನ ಜೇಬಿನಿಂದ ಒಂದು ರೂಪಾಯಿ ತೆಗೆದುಕೊಟ್ಟ. ಸಾಲ ತೀರಿಸಲು ಹೊರಟ ದಿನವೇ ಜಯದೇವಿಗೆ ಒಂದು ರೂಪಾಯಿಯ ಹೊಸ ಸಾಲವಾಯಿತು.

ಹೋಳಿಗೆ ಬಡಿಸಿದರು. ಅವಳು ತಿನ್ನುತ್ತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆಯೇರವೆಂದರೆ ಎಲ್ಲಿ ಹೋಗುತ್ತದೆ, ನಾಳೆ ತನ್ನ ಮಗಳ ಮದುವೆಗೆ ಭೀಮಬಾಯಿ ತಿರುಗಿ ಮಾಡಲೇಬೇಕು. ಸದ್ಯಕ್ಕೆ ಇವಳ ಕಂತು ಇಸಗೊಂಡು ಹೋದರೆ, ತನ್ನದಕ್ಕೆ ಕಮ್ಮಿ ಬಿದ್ದ ಐನೂರನ್ನು ಗಂಡನ ಪಗಾರದ ತನಕ ಭುವನೇಶ್ವರಿ ಕೈಗಡ ಕೊಟ್ಟಾಳು. ಊಟವಾದ ಮೇಲೆ ಹಿತ್ತಲಿನ ನೀರಿನ ಟಾಕಿಯ ಹತ್ತಿರ ಭೀಮಬಾಯಿಯನ್ನು ಒಬ್ಬಳನ್ನೇ ಹಿಡಿದು ಪಿಸುಗುಟ್ಟಿದಳು. "ಕಂತು, ಭೀಮಬಾಯಿ. ವಿವೇಕಾನಂದ ನಮ್ಮನ್ಯಾಗ ಕುಂತಾನ."

"ಅಯ್ಯ ನನ್ನವ್ವ, ನಾ ಮರತಿಲ್ಲ. ನಂದೂ ಅದೇ ಕಡೀ ಕಂತು. ನಮ್ಮ ಕಡಿಯವರ ಆಯೇರ ನನಗಂತ ಬೀಗರ ಕೂಡ ಮಾತಾಗ್ಯದ. ಅದು ಬಂದ ಕೂಡ್ಲೇ ಕೊಡೋಣಂತ ಇದ್ದೆ."

ಭೀಮಬಾಯಿ ಒಳಗೆ ಹೋಗಿ ಆರುನೂರನ್ನು ಮಡಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಳು. ಅಕ್ಕಿ, ಕಾಯಿ, ಕಮಲಾಪುರದ ಕೆಂಪು ಬಾಳೆಹಣ್ಣು, ಅದರ ಜೊತೆ ಆ ಗಂಟು, ಎಲ್ಲವನ್ನೂ ಜಯದೇವಿಯ ಉಡಿಗೆ ಹಾಕಿದಳು. "ಉಡ್ಯಾಗ ಹಾಕಿದ್ದು ಮನಿ ಮುಟ್ಟೋ ತನಕ ಬಿಚ್ಚಬ್ಯಾಡ."

ಜಯದೇವಿಗೆ ಎದೆ ಹಗುರಾಯಿತು. "ಮುಂದಿನ ವಾರದಿಂದ ಗುರುವಾರ ನಾ ಖಾಲಿ ನೋಡು, ಭೀಮಬಾಯಿ. ಯಾರ ದಾರೀನೂ ಕಾಯೋದಿಲ್ಲ" ಅಂದಳು. ಹಾಗೆ ಅನ್ನುವುದರಲ್ಲೇ ಒಂದು ಸುಖವಿತ್ತು.

ಉಡಿ ಹೊತ್ತು ಅವಳು ಓಣಿಗೆ ಕಾಲಿಟ್ಟಾಗ ಭುವನೇಶ್ವರಿ ಕಟ್ಟೆಯ ಮೇಲೆ ಫೋನು ಹಿಡಿದು ನಿಂತಿದ್ದಳು. ಸುತ್ತ ಗುಂಪಿನ ಹೆಂಗಸರೆಲ್ಲ ಇದ್ದರು.

"ಬಾರವ್ವ, ಐನೂರಾ ಒಂದು."

ಮಹಾದೇವಪ್ಪನ ಕಾರ್ಯದ ವಿಡಿಯೋ ಬಸ್ಸಿಗಿಂತ ಮುಂಚೆ ಓಣಿಯ ವಾಟ್ಸಾಪಿಗೆ ಬಂದಿಳಿದಿತ್ತು. ಶಹರದ ಮಂದಿಯ ದಿಲ್ಲಿನ ಮಾತೂ ಅದರಲ್ಲಿ ಚೊಕ್ಕಾಗಿ ಕೇಳುತ್ತಿತ್ತು.

"ನಾವು ನೂರಾ ಒಂದರ ಮಂದಿ" ಎಂದಳು ಭುವನೇಶ್ವರಿ. "ಇನ್ನ ಯಾರ ಮನಿ ಕಾರ್ಯ ಆದ್ರೂ ಐನೂರಕ್ಕ ಕಮ್ಮಿ ಇಡಾಕ ಬರಂಗಿಲ್ಲ. ಓಣೀದು ರೇಟೇ ಏರಿಸಿಟ್ಟಿ ನೀ."

"ಅದು ಹಂಗಲ್ಲ. ಭುವನಾ, ಪಗಾರ ಆಗೋ ತನಕ ಒಂದು ಐನೂರು ಕೈಗಡ ಕೊಡು."

"ಆಯೇರಕ್ಕ ಐನೂರು ಇಡಾಕಿ ನನ್ನ ಹತ್ತರ ಕೈ ಚಾಚತಾಳಂದ್ರ ಯಾರು ನಂಬತಾರ? ಚ್ಯಾಷ್ಟಿ ಮಾಡಬ್ಯಾಡ, ನಡಿ ಒಳಗ."

ಒಳಗೆ ವಿವೇಕಾನಂದ ಅತ್ತೆಯ ಕೈಯಿಂದ ಇನ್ನೊಂದು ಲೋಟ ಚಹಾ ಇಸಗೊಳ್ಳುತ್ತಿದ್ದ. ನಾಳೆಯ ಹಾಲೂ ಮುಗಿದಿತ್ತು. ಜಯದೇವಿ ಉಡಿ ಬಿಚ್ಚಿ ಗಂಟನ್ನು ಅವನ ಮುಂದಿಟ್ಟಳು. ಅವನು ಗಂಟು ಬಿಡಿಸಿ, ಮಡಿಕೆ ಬಿಡಿಸಿ, ನೋಟನ್ನು ಬೆಳಕಿಗೆ ಹಿಡಿದ. ಆಮೇಲೆ ನಿಧಾನವಾಗಿ ಕೇಳಿದ. "ಬಾಯೋರೇ, ಈ ನೋಟು ಮುಂಜಾನಿ ನಿಮ್ಮ ಕೈಯಾಗ ಇತ್ತಲ್ರಿ?"

ಚಾಳೀಸಿಲ್ಲದ ಕಣ್ಣಿಗೂ ಅದು ಕಂಡಿತು. ಗಾಂಧೀಜಿ ಒಂದು ಹಳದಿ ಗಾಜಿನಿಂದ ಅವಳನ್ನೇ ನೋಡುತ್ತಿದ್ದರು.

"ಇತ್ತು."

"ಈಗ ಯಾರದ್ರಿ?"

ಜಯದೇವಿ ಎಷ್ಟು ಯೋಚಿಸಿದರೂ ಉತ್ತರ ಒಂದೇ ಇತ್ತು. "ಭೀಮಬಾಯಿದು."

ವಿವೇಕಾನಂದ ಕೈಯಲ್ಲಿದ್ದ ಯಂತ್ರದ ಗುಂಡಿ ಒತ್ತಿದ. "ಭೀಮಬಾಯಿಯವರ ಕಂತು ಪೂರಾ ಬಂತ್ರಿ. ನಿಮ್ಮದು?"

ಅವಳು ಉಳಿದ ನೂರರ ನೋಟನ್ನು ಮುಂದಿಟ್ಟಳು. ಅವನಿಗೂ ಪಾಪವೆನ್ನಿಸಿತು. "ಚಿಂತಿ ಮಾಡಬ್ಯಾಡ್ರಿ. ನಿಮ್ಮ ರೆಕಾರ್ಡು ಭಾಳ ಚಲೋ ಅದ, ಹೊಸ ಸಾಲ ಆಗಲೇ ಪಾಸಾಗಿ ಕುಂತದ. ಒಂದು ಸಹಿ ಹಾಕ್ರಿ. ಹಳೇ ಕಂತು ಅದರಾಗೇ ಮುರಕೊಂಡು ಉಳಿದದ್ದು ಕೊಡ್ತೀವಿ. ಮತ್ತ ಎರಡೇ ವರ್ಷ."

"ಹಾಕವ್ವ ಸಹಿ, ಜಯಕ್ಕ" ಎಂದು ಬಾಗಿಲಲ್ಲಿದ್ದ ಹೆಂಗಸರು ಒಕ್ಕೊರಲಿಂದ ಅಂದರು. "ನಿಂದು ಆಗಲಾರದ ನಮ್ಮದು ಜಮಾ ಆಗವಲ್ದು. ಒಲಿ ಮ್ಯಾಲ ಹಾಲಿಟ್ಟು ಬಂದೀವಿ."

ಜಯದೇವಿ ಕಾಗದವನ್ನು ಕೈ ಚಾಚಿ ಆದಷ್ಟು ದೂರ ಹಿಡಿದಳು. ಕೈ ಅಷ್ಟೇ ಉದ್ದವಿತ್ತು, ಅಕ್ಷರ ಒಂದೂ ಕಾಣಲಿಲ್ಲ. ವಿವೇಕಾನಂದ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುವಾಗ ಅವಳ ಫೋನು ಬಡಿದುಕೊಂಡಿತು. ಭೀಮಬಾಯಿ.

"ಮನಿ ಮುಟ್ಟಿದ್ಯಾ, ಜಯಕ್ಕ? ಬೀಗರೆಲ್ಲ ನಿನ್ನ ಭಾಳ ಹೊಗಳಾಕತ್ತಾರ. ಕೂಸು ಹುಟ್ಟಿದ ಮ್ಯಾಲ ತೊಟ್ಟಲ ಕಾರ್ಯ ಇದಕ್ಕಿಂತ ಜೋರು ಮಾಡೋಣಂತ ಮಾತಾತು. ಹೆಂಗೂ ನೀ ಖಾಲಿ ಇರ್ತೀ ಅಂದೀಯಲ್ಲ, ಅದಕ್ಕ ಗುರುವಾರನೇ ಇಡ್ರೀ ಅಂದೀನಿ."